ಎಲೆಕ್ಟ್ರಾನಿಗೆ ನಿಮ್ಮ ಸೈಟಿನ ಚಿಂತಿ ಇಲ್ರೀ

ಹೌದ್ರೀ, ನಿಮ್ಗೇ ಹೇಳ್ತಿರೋದು. ದಿಂಬಿನ ಕೆಳಗ ಒಂದು ನೋಟ್‌ಬುಕ್ ಇಟ್ಟೀರಲ್ಲ, ಅದರ ಬಗ್ಗೆ ಮಾತಾಡೋಣ. ಬೆಳಿಗ್ಗೆ 3 ಸಲ, ಮಧ್ಯಾಹ್ನ 6 ಸಲ, ರಾತ್ರಿ 9 ಸಲ 'ನನ್ಗ ಹೊಸಪೇಟಿ ಡ್ಯಾಮ್ ರೋಡಿನಾಗ ಸೈಟ್ ಸಿಕ್ಕೈತಿ' ಅಂತ ಬರೀತೀರಿ. (ಸಿಕ್ಕಿಲ್ಲ. ಆದ್ರ 'ಸಿಕ್ಕೈತಿ' ಅಂತಾನ ಬರೀಬೇಕಂತ, ಇಲ್ಲಾಂದ್ರ ಯೂನಿವರ್ಸಿಗೆ ಗೊಂದಲ ಆಗ್ತೈತಂತ.) ಮನ್ಯಾಗ ಯಾರಿಗೂ ಗೊತ್ತಿಲ್ಲ ಅಲ್ಲಾ? ನಾನೂ ಹೇಳೂದಿಲ್ಲ ಬಿಡ್ರಿ.

ಯಾಕ್ರೀ ಇದೆಲ್ಲ ಅಂದ್ರ ನಿಮ್ಮ ಉತ್ತರ ತಯಾರೈತಿ: 'ಇದು ಮೂಢನಂಬಿಕಿ ಅಲ್ಲ, ಕ್ವಾಂಟಮ್!' ನಿಮ್ಮಜ್ಜಿ ಹರಕಿ ಹೊತ್ಕೊಂಡು ಹುಲಿಗೆಮ್ಮನ ಗುಡಿಗೆ ಹೊಂಟ್ರ ಕಿಸಕ್ಕನೆ ನಕ್ಕೋರು ನೀವು. ಹೊಳಿ ಆಚೆಯ ವಿರೂಪಾಪುರ ಗಡ್ಡಿಯಾಗ ಹರಳು ಕೊರಳಿಗೆ ಕಟ್ಕೊಂಡು 'ಎನರ್ಜಿ, ಎನರ್ಜಿ' ಅಂತಿದ್ದ ಫಾರಿನ್ನೋರನ್ನ ಕಂಡೂ ನಕ್ಕಿರಿ. 2020ರಾಗ ಅಲ್ಲಿನ ರೆಸಾರ್ಟುಗಳನ್ನ ಕೆಡವಿದ್ರು. ಹರಳು ಮಾತ್ರ ಹೊಳಿ ದಾಟಿ ಬಂದು ನಿಮ್ಮ ಮುಂಗೈ ಮ್ಯಾಲ ಕುಂತೈತಿ. (ಬಿಪಿಗೆ ಅಂತ ಹೇಳ್ಬ್ಯಾಡ್ರಿ, ನಂಬೂದಿಲ್ಲ.)

ಸರಿ, ಕ್ವಾಂಟಮ್ ಅಂದ್ರಲ್ಲ, ಅದನ್ನೇ ನೋಡೋಣ. ಎರಡು ಸಣ್ಣ ಸೀಳು ಇರೋ ತಡೆಗೆ ಎಲೆಕ್ಟ್ರಾನುಗಳನ್ನ ಒಂದೊಂದಾಗಿ ಬಿಟ್ರ ಆಚೆ ಪರದಿ ಮ್ಯಾಲ ಪಟ್ಟಿ ಪಟ್ಟಿ ಗೆರಿ ಮೂಡ್ತಾವ, ಅಲೆ ಹಾದು ಹೋದಂಗ. ಯಾವ ಸೀಳಿನಿಂದ ಹೋತು ಅಂತ ಪತ್ತೆ ಹಚ್ಚಾಕ ಡಿಟೆಕ್ಟರ್ ಇಟ್ರಿ ಅಂದ್ರ ಗೆರಿ ಮಾಯ! ಇದು ಖರೇನ. ಇಲ್ಲಿತನಕ ನಿಮ್ಮ ಯೂಟ್ಯೂಬ್ ಗುರುಗಳು ಸುಳ್ಳು ಹೇಳಿಲ್ಲ. ಅದೇ ಉಸಿರಿನಾಗ 'ನೋಡೋ ಮನಸ್ಸೇ ಜಗತ್ತು ಕಟ್ತೈತಿ, ಬೇಕಾದ್ದು ಕೊಡ್ತೈತಿ' ಅಂತಾರಲ್ಲ, ಕೈಚಳಕ ಇರೋದು ಅಲ್ಲಿ.

ಡಿಟೆಕ್ಟರಿಗೆ ಮನಸ್ಸೆಲ್ಲಿಂದ ಬಂತ್ರೀ? ಅದನ್ನ ಆನ್ ಮಾಡಿಟ್ಟು ವಿಜ್ಞಾನಿ ಚಾ ಕುಡಿಯಾಕ ಹೋದ್ರೂ ಗೆರಿ ಮಾಯಾನ. 2004ರಾಗ ವಿಯೆನ್ನಾದೋರು ಇನ್ನೂ ಮಜಾ ಮಾಡಿದ್ರು. 70 ಕಾರ್ಬನ್ ಪರಮಾಣು ಕೂಡಿದ ಅಣುಗಳನ್ನ ಲೇಸರಿನಿಂದ ಕಾಯಿಸಿ ಬಿಟ್ರು. ಬಿಸಿ ಏರಿದಂಗ ಅಣು ತಾನಾಗೇ ಬೆಳಕು ಉಗುಳಿ, ತಾನೆಲ್ಲಿದ್ದೀನಿ ಅನ್ನೋ ಗುಟ್ಟು ಬಿಟ್ಟುಕೊಡ್ತು. ಗೆರಿ ಮಸುಕಾಗಿ ಅಳಿಸಿ ಹೋದ್ವು.

ಅಲ್ಲಿ ಯಾರೂ ಕಣ್ಣು ಮುಚ್ಚಿ ಧ್ಯಾನಕ್ಕ ಕುಂತಿರಲಿಲ್ಲ. ಒಂದಿಷ್ಟು ಶಾಖ, ಒಂದಿಷ್ಟು ಗಾಳಿ ಇದ್ರ ಸಾಕು, 'ನೋಡೋ' ಕೆಲಸ ಆಗಿ ಹೋಗ್ತೈತಿ. (ಏಪ್ರಿಲ್ ತಿಂಗಳ ಹೊಸಪೇಟಿ ಬಿಸಿಲು, ಮ್ಯಾಲ ಸಂಡೂರಿನ ಅದಿರು ಲಾರಿ ಧೂಳು. ಇಲ್ಲಿ ಯಾವ ಕ್ವಾಂಟಮ್ ಅಲೆ ಮಾನ ಉಳಿಸ್ಕೊಂಡೀತು, ಹೇಳ್ರಿ?)

'ದೊಡ್ಡ ದೊಡ್ಡ ವಿಜ್ಞಾನಿಗಳೇ ಹೇಳ್ಯಾರ' ಅಂತೀರಿ. ಹೇಳಿದ್ರು, ಇಲ್ಲ ಅನ್ನೂದಿಲ್ಲ. ಯುಜೀನ್ ವಿಗ್ನರ್ 1961ರಾಗ ಪ್ರಜ್ಞೆಗೆ ಈ 'ನೋಡೋ' ಕೆಲಸದಾಗ ಪಾತ್ರ ಐತಿ ಅಂತ ಬರೆದ್ರು. 1963ಕ್ಕ ನೊಬೆಲ್ಲೂ ಬಂತು (ಬೇರೆ ಕೆಲಸಕ್ಕ). ಮುಂದ ಆ ಮಾತಿನಿಂದ ಅವರೇ ಹಿಂದ ಸರಿದ್ರು. ಆ ಸುದ್ದಿ ಯಾಕೋ ನಿಮ್ಮ ವಾಟ್ಸಾಪ್ ಗ್ರೂಪಿಗೆ ಬರಲೇ ಇಲ್ಲ!

ಶ್ರೋಡಿಂಗರ್ 1935ರಾಗ ಪೆಟ್ಟಿಗಿಯೊಳಗ ಒಮ್ಮೆಲೇ ಸತ್ತೂ ಬದುಕೂ ಇರೋ ಬೆಕ್ಕಿನ ಕಥಿ ಕಟ್ಟಿದ್ದೂ 'ಹಿಂಗಂದ್ರ ಎಂಥಾ ನಗೆಪಾಟಲು ನೋಡ್ರಿ' ಅಂತ ತೋರ್ಸಾಕ. ನೀವು ಅದೇ ಬೆಕ್ಕನ್ನ ಡಿಪಿಗೆ ಹಾಕ್ಕೊಂಡೀರಿ. ಇನ್ನು ದೀಪಕ್ ಚೋಪ್ರಾ ಅವರ ಕ್ವಾಂಟಮ್ ವ್ಯಾಖ್ಯಾನಕ್ಕ 1998ರಾಗ ಪ್ರಶಸ್ತಿ ಬಂದಿದ್ದು ನಿಜ. ನಗಿಸಾಕ ಕೊಡೋ ಇಗ್ ನೊಬೆಲ್ ಅಂತ. (ಮೊದಲಿನ ಎರಡಕ್ಷರ ನುಂಗಬ್ಯಾಡ್ರಿ.)

ಮತ್ತ ಆ 'ಲಾ ಆಫ್ ಅಟ್ರಾಕ್ಷನ್' ಅಂತೀರಲ್ಲ, ಒಂದೇ ಥರದ್ದು ಒಂದೇ ಥರದ್ದನ್ನ ಎಳೀತೈತಿ ಅಂತ? ಎರಡು ಮ್ಯಾಗ್ನೆಟ್ ತಗೊಂಡು ಉತ್ತರಕ್ಕ ಉತ್ತರ ಹಿಡೀರಿ. ಮುಖ ತಿರುವಿ ಓಡ್ತಾವ! ನಿಜವಾದ ಕ್ವಾಂಟಮ್ ಬೇಕಂದ್ರ ಅದರಾಗೇ ಐತಿ. ಕ್ವಾಂಟಮ್ ಇಲ್ಲದ ಹಳೇ ಭೌತಶಾಸ್ತ್ರದ ಲೆಕ್ಕದಾಗ ಮ್ಯಾಗ್ನೆಟ್ಟಿಗೆ ಜಾಗಾನ ಇಲ್ಲ ಅಂತ ನೀಲ್ಸ್ ಬೋರ್ 1911ರಾಗ ಹೇಳಿದ್ರು. 1919ರಾಗ ವಾನ್ ಲ್ಯೂವೆನ್ ಅನ್ನೋ ಡಚ್ ಹೆಣ್ಣುಮಗಳು ಅದನ್ನೇ ಮತ್ತೆ ಸಾಧಿಸಿ ತೋರಿಸಿದ್ಲು.

ಸಂಡೂರಿನ ಅದಿರು ತೋರಣಗಲ್ಲಿನಾಗ ಉಕ್ಕಾಗ್ತೈತಿ. ಅಂಥ ಉಕ್ಕಿನ ಬೀರುವಿಗೆ ಮ್ಯಾಗ್ನೆಟ್ 'ಟಪ್' ಅಂತ ಅಂಟ್ತೈತಲ್ಲ, ಕ್ವಾಂಟಮ್ ಅಂದ್ರ ಆ ಟಪ್. ಅದಕ್ಕ ಕೋರ್ಸ್ ಫೀಸಿಲ್ಲ, 'ಕೊನೇ ಕೆಲವೇ ಸೀಟು' ಅನ್ನೋ ಅವಸರಾನೂ ಇಲ್ಲ.

'ಒಬ್ರಿಂದ ಆಗಂಗಿಲ್ಲ, ಎಲ್ಲರೂ ಕೂಡಿ ಅಂದ್ಕೊಂಡ್ರ ಆಗ್ತೈತಿ' ಅಂತೀರಾ? ಆ ಪರೀಕ್ಷಾನೂ ನಮ್ಮೂರಾಗೇ ಆಗಿ ಹೋತಲ್ರೀ! 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ (ಟಿಬಿ) ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿ ಹೋತು. ಕಂಪ್ಲಿ, ಸಿರುಗುಪ್ಪ, ಗಂಗಾವತಿ ಕಡೆ ಗದ್ದಿ ಮಾಡಿದೋರಿಗೆಲ್ಲ ಎದಿಯಾಗ ಒಂದೇ ಮಾತು: ನೀರು ನಿಲ್ಲಲಿ. ನೀವೂ ಡ್ಯಾಮಿನ ಕಡಿಗೆ ಮುಖ ಮಾಡಿ ಕೈ ಮುಗಿದ್ರಿ, ಹೌದಿಲ್ಲೋ? ಇಷ್ಟು ಮಂದಿ ಇಷ್ಟು ಖರೇ ಮನಸ್ಸಿನಿಂದ ಕೂಡಿ ಮಾಡಿದ ಮ್ಯಾನಿಫೆಸ್ಟೇಷನ್ ಯಾವ ಗುರುವಿನ ಕ್ಯಾಂಪಿನಾಗೂ ಆಗಿರಲಿಕ್ಕಿಲ್ಲ. ನೀರು ಹರೀತಾನ ಇತ್ತು.

ನಿಂತಿದ್ದು ಯಾವಾಗ? ಗೇಟಿನ ತಜ್ಞ ಕನ್ಹಯ್ಯ ನಾಯ್ಡು ಈ ಇಳಿವಯಸ್ಸಿನಾಗೂ ಬಂದು ನಿಂತು, ನೀರು ತಡೆಯೋ ಉಕ್ಕಿನ ಹಲಗಿ, ಅಂದ್ರ ಸ್ಟಾಪ್‌ಲಾಗ್ ಮಾಡಿಸಿ, ಹರಿಯೋ ನೀರಿಗೇ ಒಂದರ ಮ್ಯಾಲ ಒಂದು ಇಳಿಸಿದ ಮ್ಯಾಲ. ಆಗಸ್ಟ್ 17ಕ್ಕ. ಕ್ರೇನು, ವೆಲ್ಡಿಂಗು, ಬೆವರು. ಆ ಹೊತ್ತಿಗೆ ನೀವೇನ್ ಮಾಡ್ತಿದ್ರಿ? ರೀಲ್ಸ್. (ಇರ್ಲಿ, ನಾನೂ ಲೈಕ್ ಒತ್ತೀನಿ.)

ಮುಖ ಯಾಕ ಸಣ್ಣಗ ಮಾಡ್ಕೊಂಡ್ರಿ? ಆಸೆ ಪಡಬ್ಯಾಡ್ರಿ ಅಂತ ಯಾರಂದ್ರು? ಹುಲಿಗೆಮ್ಮನ ಹತ್ರಾನೂ ಹೋಗ್ರಿ, ಅಕಿ ಪ್ರಮಾಣಪತ್ರ ಕೇಳಂಗಿಲ್ಲ. ಸೈಟಿಗೆ ಬ್ಯಾಂಕಿನ್ಯಾಗೂ ಒಂದು ಮಾತು ಕೇಳಿಡ್ರಿ. ಎಲೆಕ್ಟ್ರಾನಿಗೆ ಮಾತ್ರ ಅರ್ಜಿ ಹಾಕ್ಬ್ಯಾಡ್ರಿ. ಅದು ನಿಮ್ಮ ಮೊಬೈಲಿನ ಚಿಪ್ಪಿನಾಗ, ಕ್ಯಾಮೆರಾದಾಗ, ಎಲ್‌ಇಡಿ ಬಲ್ಬಿನಾಗ ಹಗಲೂ ರಾತ್ರಿ ಕೆಲಸ ಮಾಡ್ತೈತಿ, ನಿಮ್ಮ ಮೂಡ್ ಹೆಂಗೈತಿ ಅಂತ ಒಂದಿನಾನೂ ಕೇಳಿಲ್ಲ.

ಇನ್ನೂ ಅನುಮಾನ ಇದ್ರ ಮನ್ಯಾಗ ಸೆಕೆಂಡ್ ಪಿಯುಸಿ ಸೈನ್ಸ್ ಓದೋರು ಯಾರಾದ್ರೂ ಇದ್ದಾರಾ ನೋಡ್ರಿ. ಫಿಜಿಕ್ಸ್ ಪುಸ್ತಕದಾಗಿನ ಪ್ಲಾಂಕ್ ಸ್ಥಿರಾಂಕ ಎಷ್ಟು ಅಂತ ಕೇಳ್ರಿ. ಕ್ವಾಂಟಮ್ ಆಟ ಎಷ್ಟು ಸಣ್ಣ ಅಂಗಳದಾಗ ನಡೀತೈತಿ, ನಿಮ್ಮ ಸೈಟಿನ ತನಕ ಯಾಕ ಬರಂಗಿಲ್ಲ ಅನ್ನೋದು ಆ ಒಂದು ಅಂಕಿಯಾಗ ಐತಿ. ಜೌಲ್-ಸೆಕೆಂಡಿನಾಗ ಬರೆದ್ರ ದಶಮಾಂಶ ಬಿಂದು ಆದ ಮ್ಯಾಲ 33 ಸೊನ್ನಿ, ಆಮ್ಯಾಲ 6. ನಮ್ಮ ಡ್ಯಾಮಿಗೆ ಎಷ್ಟು ಗೇಟೋ ಅಷ್ಟೇ ಸೊನ್ನಿ! (ಅಯ್ಯ, ಫೋನ್ ಯಾಕ ತೆಗೆದ್ರಿ? ಇದನ್ನೂ ಸಿಗ್ನಲ್ ಅಂತ ಗ್ರೂಪಿಗೆ ಹಾಕ್ಬ್ಯಾಡ್ರಿ ಮಾರಾಯ್ರ!)