ನಿಡೋಣಿಯ ಅಂಗಳದಲ್ಲಿ ಪ್ಲಿಯೆ

ಬೆಂಗಳೂರಿನಿಂದ ಕ್ರಿಸ್‌ಮಸ್ ರಜೆಗೆ ನಿಡೋಣಿಗೆ ಬಂದ ತಮ್ಮನ ಮಗಳು ಮರುದಿನ ಮುಂಜಾನೆ ಅಂಗಳದಲ್ಲಿ ಚಕ್ಕಡಿಯ ನೊಗ ಹಿಡಿದು ನಿಂತಿದ್ದಳು. ಹಿಮ್ಮಡಿಗೆ ಹಿಮ್ಮಡಿ ಹತ್ತಿಕೊಂಡಿದ್ದವು. ಬೆರಳು ಮಾತ್ರ ಒಂದು ಕಾಲಿನವು ಸಿಂದಗಿ ಕಡೆ, ಇನ್ನೊಂದರವು ಜಮಖಂಡಿ ಕಡೆ. ಚಾ ತಂದ ನಮ್ಮವ್ವ ಗಾಬರಿಯಾದಳು.

"ಯವ್ವಾ, ಕಾಲಿಗೇನಾತು? ಬಸ್ಸಿನ್ಯಾಗ ಉಳುಕಿತೇನು?"

"ಇಲ್ಲ ಅಜ್ಜಿ, ಇದು ಬ್ಯಾಲೆ. ಫಸ್ಟ್ ಪೊಸಿಷನ್."

"ಫಸ್ಟ್ ಅಂದ್ರ ಇನ್ನೂ ಅದಾವು?"

ಒಟ್ಟು ಐದು ಅದಾವು. ಎರಡನೆಯದರಲ್ಲಿ ಹಿಮ್ಮಡಿಗಳ ನಡುವೆ ಒಂದು ಪಾದದಷ್ಟು ಜಾಗ. ಮೂರನೆಯದರಲ್ಲಿ ಒಂದು ಹಿಮ್ಮಡಿ ಇನ್ನೊಂದು ಪಾದದ ನಡುಮಧ್ಯಕ್ಕೆ ತಾಗಬೇಕು. ನಾಲ್ಕರಲ್ಲಿ ಒಂದು ಪಾದ ಮುಂದೆ, ಒಂದು ಹಿಂದೆ, ಎರಡೂ ಅಡ್ಡ. ಐದನೆಯದು ಘಾತಕ: ಆ ಅಡ್ಡ ಪಾದಗಳನ್ನೇ ಈ ಹಿಮ್ಮಡಿಗೆ ಆ ಹೆಬ್ಬೆರಳು ಕೂಡುವಂತೆ ಅಂಟಿಸಿ ಕೀಲಿ ಜಡಿಯುವುದು.

ಫ್ರಾನ್ಸಿನ ಹದಿನಾಲ್ಕನೇ ಲೂಯಿ ದೊರೆ ಸ್ವತಃ ಕುಣಿಯುವವನು. 1661ರಲ್ಲಿ ಕುಣಿತಕ್ಕೇ ಒಂದು ಅಕಾಡೆಮಿ ತೆರೆದ. ಅವನ ನೃತ್ಯಗುರು ಪಿಯರ್ ಬೋಶಾಂ ಈ ಐದನ್ನೂ ಗೊತ್ತುಮಾಡಿದನೆನ್ನುತ್ತಾರೆ. ಹೀಗಾಗಿ ಮಾಸ್ಕೋದಲ್ಲಿ ಕುಣಿಯಲಿ, ಮಲ್ಲೇಶ್ವರದಲ್ಲಿ ಕುಣಿಯಲಿ, ಹೆಸರು ಫ್ರೆಂಚಿನವೇ. ಲೂಯಿ ಆ ಅಕಾಡೆಮಿ ತೆರೆದಾಗ ನಮ್ಮ ವಿಜಯಪುರದ ಗದ್ದುಗೆಯ ಮೇಲಿದ್ದವನು ಎರಡನೇ ಅಲಿ ಆದಿಲ್ ಶಾ. ಅವನ ಗೋರಿ ಬಾರಾ ಕಮಾನ್ ಅರ್ಧಕ್ಕೇ ನಿಂತುಬಿಟ್ಟಿತು. ಈ ಸಂಗತಿ ಮುಂದೆ ನನ್ನ ಮೊಣಕಾಲಿಗೆ ಬರುತ್ತದೆ.

ಫ್ರೆಂಚ್ ಎಂದರೆ ನನಗೆ ಸೆಂಟಿನ ಬಾಟಲಿಯ ಭಾಷೆ. ಅರ್ಥ ಕೇಳುತ್ತ ಹೋದರೆ ಎಲ್ಲ ನಮ್ಮ ಹೊಲಮನೆಯ ಮಾತೇ! ಪ್ಲಿಯೆ ಅಂದರೆ ಬಾಗಿದ್ದು, ಮೊಣಕಾಲು ಮಡಿಸುವುದು. ತಾಂದ್ಯು ಅಂದರೆ ಚಾಚಿದ್ದು. ಫೋಂದ್ಯು ಕರಗಿದ್ದು. ಫ್ರಾಪೆ ಬಡಿದದ್ದು. ಪಾ ದ ಶಾ, ಬೆಕ್ಕಿನ ಹೆಜ್ಜೆ. "ಝತೆ" ಎಂದಾಗ ಜೋಡಿಯಾಗಿ ಕುಣಿಯುವುದಿರಬೇಕು ಅಂದುಕೊಂಡೆ. ಅಲ್ಲವಂತೆ, ಎಸೆದದ್ದು ಅಂತ. ಕಾಲು ಎಸೆದು ಹಾರುವುದು.

"ಬಡಿಯೂದಕ್ಕ ಅಷ್ಟು ದೂರದ ಹೆಸರು ಯಾಕವಾ? ನಾ ದಿನಾ ರೊಟ್ಟಿ ಬಡಿತೀನಿ," ಎಂದಳು ಅವ್ವ. ರಲ್ವೆ, ಅಂದರೆ ತುದಿಗಾಲಲ್ಲಿ ಏಳುವುದು, ಅವಳಿಗೆ ಇನ್ನೂ ಸಸಾರ. ದ್ರಾಕ್ಷಿ ಗೊಂಚಲು ಡಿಪ್ಪಿಂಗ್ ಮಾಡುವ ಹೆಣ್ಣುಮಕ್ಕಳು ಚಪ್ಪರದ ಕೆಳಗೆ ಎಡಗೈಯಲ್ಲಿ ಔಷಧದ ಮಗ್ಗು ಎತ್ತಿ, ಬಲಗೈಯಲ್ಲಿ ಎಲೆ ಸರಿಸಿ, ಗೊಂಚಲು ಮುಳುಗುವವರೆಗೆ ಹಿಮ್ಮಡಿ ಎತ್ತಿ ನಿಲ್ಲುತ್ತಾರೆ. ಔಷಧ ಮೊಣಕೈವರೆಗೆ ಹರಿದು ಬಂದರೂ ಕೈ ಇಳಿಯುವುದಿಲ್ಲ. ಚಪ್ಪಾಳೆಯೂ ಇಲ್ಲ, ಪಗಾರ ಮಾತ್ರ.

ಇಷ್ಟು ಸುಲಭವಾದರೆ ನಾನೇಕೆ ಹಿಂದುಳಿಯಲಿ? ಧೋತರದ ಚುಂಗು ಸಿಕ್ಕಿಸಿ, ನೊಗ ಹಿಡಿದು, ನೇರ ಐದಕ್ಕೇ ಕೈ ಹಾಕಿದೆ, ಅಲ್ಲ, ಕಾಲು ಹಾಕಿದೆ. ಪಾದ ಹೇಗೋ ಕೂಡಿದವು. "ಈಗ ಪ್ಲಿಯೆ, ದೊಡ್ಡಪ್ಪ!" ಎಂದಳು. ಬಾಗಿದೆ. ಅರ್ಧದಲ್ಲಿ ಮೊಣಕಾಲು 'ಕಟ್' ಎಂದಿತು. ಕೆಳಗೂ ಇಲ್ಲ, ಮೇಲೂ ಇಲ್ಲ: ಸಾಕ್ಷಾತ್ ಬಾರಾ ಕಮಾನ್. ಅವ್ವ ಮತ್ತು ಮೊಮ್ಮಗಳು ಆಚೀಚೆ ರಟ್ಟೆ ಹಿಡಿದು ಹೊರಸಿನ ಮೇಲೆ ಕೆಡವಿದರು.

ಆ ವರ್ಷ ಎಳ್ಳಮವಾಸಿ ರಜೆಯೊಳಗೇ ಬಂತು. ನಾನು ಹೊಲಕ್ಕೆ ಟ್ರ್ಯಾಕ್ಟರಿನಲ್ಲಿ ಕೂತು ಹೋದೆ. ಬಿಳಿಜೋಳದ ಸಾಲಿನಲ್ಲಿ ಚರಗ ಚೆಲ್ಲಿದವಳು ತಮ್ಮನ ಮಗಳು, ಎರಡು ಸಲ ಹಾರಿ.