ಝೂಮ್ ರಾಯರು

ವರ್ಜೀನಿಯಾದಲ್ಲಿ ನೆಲೆಸಿರುವ ನಮ್ಮ ರಾಯರ ಮನೆಗೆ ಊರಿಂದ ಯಾರೇ ಬರಲಿ, ಎರಡು ಉಪಚಾರ ತಪ್ಪಿದ್ದಲ್ಲ. ಒಂದು, ಅವರ ಹೆಂಡತಿ ಮಾಡುವ ಬಿಸಿಬೇಳೆಬಾತು. ಇನ್ನೊಂದು, ಅದು ಅರಗುವ ಮುಂಚೆಯೇ ರಾಯರು ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ತೋರಿಸುವ ಪೆಂಟಗನ್ ಫೋಟೋ.

“ಇದರಲ್ಲಿ ವಿಮಾನ ಎಲ್ಲಿದೆ, ತೋರಿಸಿ ನೋಡೋಣ.”

ನಿಮ್ಮ ಕೈಲಾಗದು. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ 9.37ಕ್ಕೆ ಉಗ್ರರು ಅಪಹರಿಸಿದ ವಿಮಾನ ಪೆಂಟಗನ್ನಿಗೆ ಬಡಿದಾಗ ಗೇಟಿನ ಕ್ಯಾಮರಾ ಹಿಡಿದದ್ದು ಒಂದಿಷ್ಟು ಹುಲ್ಲು, ನೆಲಕ್ಕಂಟಿದಂಥ ಒಂದು ಬಿಳಿ ಗೀಟು, ಮರುಚಿತ್ರದಲ್ಲಿ ಬೆಂಕಿಯುಂಡೆ, ಅಷ್ಟೇ. ಆ ಗೀಟನ್ನು ರಾಯರು ಹಿಗ್ಗಿಸುತ್ತಾರೆ, ಇನ್ನೂ ಹಿಗ್ಗಿಸುತ್ತಾರೆ, ಕೌದಿಯ ಹಾಗೆ ಬರೀ ಚೌಕ ಚೌಕ ಆಗುವ ತನಕ. ಆಮೇಲೆ ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗಿಸಿ, “ನನಗಂತೂ ಮಿಸೈಲಿನ ಮೂತಿ ಕಾಣಿಸುತ್ತಪ್ಪ!” ಫ್ರಾನ್ಸಿನ ಥಿಯೆರಿ ಮೆಯ್ಸಾನ್ 2002ರಲ್ಲೇ ಪುಸ್ತಕ ಬರೆದು ಇಂಥದ್ದೇ ಗುಮಾನಿ ಹಬ್ಬಿಸಿದ್ದ. ರಾಯರು ಅದನ್ನು ಓದಿಲ್ಲ. ಇವರದು ಸ್ವಂತ ಸಂಶೋಧನೆ.

ಹಾಗಂತ ಲೆಕ್ಕ ಬಾರದವರಲ್ಲ, ಎಂಜಿನಿಯರು. ಬಂದಿದ್ದ ಭಾವಮೈದುನ ಒಮ್ಮೆ ಧೈರ್ಯ ಮಾಡಿದ: “ಭಾವ, ಬೋಯಿಂಗ್ 757 ಗಂಟೆಗೆ ಸುಮಾರು 850 ಕಿ.ಮೀ. ವೇಗದಲ್ಲಿತ್ತು. ಕ್ಯಾಮರಾ ಹಿಡೀತಿದ್ದದ್ದು ಹೆಚ್ಚುಕಮ್ಮಿ ಸೆಕೆಂಡಿಗೊಂದು ಚಿತ್ರ. 47 ಮೀಟರ್ ಉದ್ದದ ವಿಮಾನ ಅಷ್ಟರಲ್ಲಿ ತನ್ನ ಉದ್ದದ ಐದು ಪಟ್ಟು ದೂರ ಓಡಿರುತ್ತೆ.”

“ಲೆಕ್ಕ ಸರಿ ಕಣಯ್ಯ. ತೂತು?”

ತೂತಿನ ಫೋಟೋ ಬಂತು. 38 ಮೀಟರ್ ರೆಕ್ಕೆ, ಇಷ್ಟೇ ಇಷ್ಟು ತೂತು. ಅದು ವಿಮಾನ ಹೊಕ್ಕ ಗೋಡೆಯದಲ್ಲ, ಅವಶೇಷಗಳು ಕಟ್ಟಡದ ಮೂರು ಸುತ್ತು ದಾಟಿ ಒಳಗಡೆ ತೂರಿಕೊಂಡು ಬಂದ ಜಾಗ. ಹಾಗೆ ಹೇಳಿದರೆ ಇನ್ನೊಂದು ಫೋಟೋ ಇದ್ದೇ ಇದೆ. ಹೆದ್ದಾರಿಯಲ್ಲಿ ಉರುಳಿದ ಐದು ದೀಪದ ಕಂಬ, ಸಿಕ್ಕ ಬ್ಲ್ಯಾಕ್ ಬಾಕ್ಸ್, ಡಿಎನ್‌ಎ ಗುರುತು, ಕಣ್ಣಾರೆ ಕಂಡವರ ಮಾತು, ಯಾವುದೂ ರಾಯರಿಗೆ ರುಚಿಸದು. ಕಂಡವರ ಮಾತನ್ನು ಝೂಮ್ ಮಾಡಲು ಬರುವುದಿಲ್ಲವಲ್ಲ. 2006ರಲ್ಲಿ ಸರ್ಕಾರ ವಿಡಿಯೋ ಬಿಟ್ಟಾಗ “ಇಷ್ಟು ವರ್ಷ ಏನು ಮಾಡ್ತಿದ್ರು?” ಅಂದರು. ನ್ಯೂಯಾರ್ಕಿನ ಗೋಪುರಕ್ಕೆ ವಿಮಾನ ಬಡಿದದ್ದು ನಿಚ್ಚಳವಾಗಿ ಕಾಣುತ್ತದಲ್ಲ ಅಂದರೆ, “ಅಷ್ಟು ನಿಚ್ಚಳವಾಗಿರೋದೇ ಅನುಮಾನ.”

ಮನುಷ್ಯ ಕಟುಕನಲ್ಲ. ಮಾರನೆಯ ದಿನ ಅತಿಥಿಗಳನ್ನು ಪೆಂಟಗನ್ ಸ್ಮಾರಕಕ್ಕೆ ತಾವೇ ಕರೆದೊಯ್ಯುತ್ತಾರೆ. ಸತ್ತವರ ಹೆಸರಲ್ಲಿ ಅಲ್ಲಿ 184 ಬೆಂಚುಗಳಿವೆ. ಕಟ್ಟಡದೊಳಗೆ ಸತ್ತವರ ಹೆಸರು ಓದುವಾಗ ಎದುರಿಗೆ ಪೆಂಟಗನ್, ವಿಮಾನದಲ್ಲಿದ್ದ 59 ಮಂದಿಯ ಹೆಸರು ಓದುವಾಗ ಎದುರಿಗೆ ಆಕಾಶ. ಇದನ್ನು ಬೆಂಚಿನಿಂದ ಬೆಂಚಿಗೆ ನಡೆದು ವಿವರಿಸುತ್ತಾರೆ, ಹುಟ್ಟಿದ ಇಸವಿ ನೋಡಿ ವಯಸ್ಸು ಲೆಕ್ಕ ಹಾಕುತ್ತಾರೆ, ನಿಜವಾಗಿಯೂ ಕಣ್ಣೊರೆಸಿಕೊಳ್ಳುತ್ತಾರೆ. ಕಾರು ಹತ್ತಿ ಬೆಲ್ಟ್ ಹಾಕಿಕೊಂಡದ್ದೇ ತಡ, ಮತ್ತೆ ಮಿಸೈಲು.

ಭಾವಮೈದುನ ಸೋತು ಕೂತಿದ್ದಾಗ ಅಕ್ಕ ತಟ್ಟೆ ಎತ್ತುತ್ತಾ ಕೇಳಿದರು: “ರೀ, ನಮ್ಮ ಮದುವೆ ವಿಡಿಯೋದಲ್ಲಿ ತಾಳಿ ಕಟ್ಟೋ ಹೊತ್ತಿಗೆ ಪುರೋಹಿತರ ಬೆನ್ನು ಬಿಟ್ರೆ ಏನೂ ಕಾಣಲ್ಲ. ಹಾಗಂತ ಮದುವೆ ಆಗಿಲ್ವಾ?”

ರಾಯರು ಮೌಸ್ ಬಿಟ್ಟು ಅರೆಗಳಿಗೆ ಯೋಚಿಸಿದರು.

“ಅದರ ಒರಿಜಿನಲ್ ಕ್ಯಾಸೆಟ್ ಯಾರ ಹತ್ರ ಇದೆ?”