ಮೌನಕ್ಕೆ ಸಿಕ್ಕಿಬಿದ್ದ ಕಾಕಾ

ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ನಾಲಗೆಯ ಮೇಲೆ ಹೊರಳುವ ಆಳಂದ ತಾಲ್ಲೂಕಿನ ಗಡಿಯೂರು ಖಜೂರಿಯಲ್ಲಿ ಬಾಯಿಗೆ ಕೆಲಸ ಹೆಚ್ಚು; ಆ ಕೆಲಸದ ಬಹುಪಾಲನ್ನು ಊರ ಪರವಾಗಿ ವಹಿಸಿಕೊಂಡವನೇ ಕಟ್ಟೆಯ ಕಾಕಾ. ಕಾಕಾ ಎಂದರೆ ಚಿಕ್ಕಪ್ಪ. ಆದರೆ ಊರಿಗೆಲ್ಲ ಕಾಕಾ ಆಗಲು ರಕ್ತಸಂಬಂಧ ಬೇಕಿಲ್ಲ; ತೊಗರಿಯ ಧಾರಣೆಯಿಂದ ಹಿಡಿದು ಪರರ ಮೊಣಕಾಲು ನೋವಿನವರೆಗೆ ಕೇಳದಿದ್ದರೂ ಹೇಳುವಷ್ಟು ಔದಾರ್ಯವಿದ್ದರೆ ಸಾಕು.

ಇಂಥವನ ಕೆಳದವಡೆಯ ಕೊನೆಯಲ್ಲಿ, ಮೂಳೆಯೊಳಗೆ ಅಡ್ಡ ಮಲಗಿ ಅರ್ಧವಷ್ಟೇ ತಲೆ ಎತ್ತಿದ ಹಲ್ಲೊಂದಿರುತ್ತದೆ. ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನೊಳಗೆ ಮೂಡುವ ಇದನ್ನು ಗ್ರಂಥದ ಕನ್ನಡ ಬುದ್ಧಿಹಲ್ಲು ಎಂದರೆ, 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಸೀಮೆ ಅಕಲ್ ದಾಢ ಎನ್ನುತ್ತದೆ. ಅಕಲ್ ಎಂದರೆ ಬುದ್ಧಿ, ದಾಢ ಎಂದರೆ ದವಡೆಯ ಹಲ್ಲು. ಲವಂಗದಿಂದಲೂ ಮಿಶ್ರಿಯಿಂದಲೂ, ಅಂದರೆ ಹುರಿದು ಪುಡಿ ಮಾಡಿದ ತಂಬಾಕಿನಿಂದಲೂ, ಮೂವತ್ತು ವರ್ಷ ಸಮಾಧಾನಪಡಿಸಿದ ಆ ಹಲ್ಲು ಒಂದು ರಾತ್ರಿ ಮಾತು ಕೇಳದಾದಾಗ, ಕಾಕಾ ಕಲಬುರಗಿಗೆ ಹೋಗಿ ಒಸಡು ಕೊಯ್ಸಿ, ಹಲ್ಲು ಕೀಳಿಸಿ, ಹೊಲಿಗೆ ಹಾಕಿಸಿಕೊಂಡು, ಅರಿವೆ ಕಚ್ಚಿಕೊಂಡು ಮನೆಗೆ ಮರಳುತ್ತಾನೆ. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದ ಲಿಡೊಕೇನ್ ಎಂಬ ಜೋಮಿನ ಮದ್ದಿನ ಪ್ರಭಾವ ಇಳಿಯುವವರೆಗೆ ತುಟಿ ಎಲ್ಲಿದೆಯೆಂಬುದೇ ತಿಳಿಯದಿದ್ದರೂ, ಬಸ್ಸಿನಲ್ಲಿ ಪಕ್ಕದವನಿಗೆ ಶಸ್ತ್ರಚಿಕಿತ್ಸೆಯನ್ನು ಕೈಸನ್ನೆಯಲ್ಲೇ ವಿವರಿಸದೆ ಆತ ಬಿಡುವುದಿಲ್ಲ.

ಮನೆಯಲ್ಲಿ ಕಾದಿರುವುದು ಪಥ್ಯ. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ, ಅದೇ ಮುಚ್ಚಳವಾಗಿ ಕೆಳಗಿನ ಮೂಳೆಯನ್ನು ಕಾಯುತ್ತದೆ. ಉಗುಳಿದರೆ, ಹೀರಿದರೆ, ಬಾಯಿ ಮುಕ್ಕಳಿಸಿದರೆ ಆ ಹೆಪ್ಪು ಕಿತ್ತುಬಂದು ಮೂಳೆ ಬಯಲಾಗಿ, ಡ್ರೈ ಸಾಕೆಟ್ ಎಂಬ ಕಡುನೋವು ಎರಡು ಮೂರು ದಿನದಲ್ಲಿ ಶುರುವಾಗಬಹುದು. ಆದ್ದರಿಂದ ಮೊದಲ 24 ಗಂಟೆ ಉಗುಳಬಾರದು, ಹೆಚ್ಚು ಮಾತಾಡಬಾರದು, ತಂಬಾಕಿನ ಹೆಸರನ್ನೂ ಎತ್ತಬಾರದು, ಖಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ದೂರದಿಂದಲೇ ನೋಡಬೇಕು. ಉಳಿದವರಿಗೆ ಇವು ವೈದ್ಯರ ಸೂಚನೆಗಳು. ಕಾಕಾನಿಗೆ ಮಾತ್ರ ತನ್ನ ದಿನಚರಿಯನ್ನೇ ಯಾರೋ ಸಾಲಾಗಿ ಬರೆದು, ಪ್ರತಿ ಸಾಲಿನ ಕೊನೆಗೂ ಬೇಡ ಎಂದು ಸೇರಿಸಿದಂತೆ.

ಮಾತು ನಿಂತಾಗ ಮೊಮ್ಮಗಳ ಪಾಟಿ, ಅಂದರೆ ಸ್ಲೇಟು, ನೆರವಿಗೆ ಬರುತ್ತದೆ. ಮೊದಲು 'ತೊಗರಿ ರೇಟು?' ಎಂದು ಬರೆದು ಮಗನಿಗೆ ತೋರಿಸುವ ಕಾಕಾ, ಜೋಳದ ಅಂಬಲಿಯ ಮೂರನೆಯ ಬಟ್ಟಲು ಎದುರಿಗೆ ಬಂದಾಗ 'ಖಾರ' ಎಂಬ ಒಂದೇ ಪದ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾನೆ; ಹೆಂಡತಿ ಅದನ್ನು ಓದಿ, ಸೆರಗಿನ ತುದಿಯಿಂದ ಒರೆಸಿ, ಪಾಟಿಯನ್ನು ಬಟ್ಟಲಿನ ಮೇಲೆ ಮುಚ್ಚಳವಾಗಿ ಇಟ್ಟು ಒಳಗೆ ಹೋಗುತ್ತಾಳೆ.

ಆದರೆ ನಿಜವಾದ ಪರೀಕ್ಷೆ ಬಾವು ಶಿಖರಕ್ಕೇರುವ ಎರಡನೆಯ, ಮೂರನೆಯ ದಿನ, ನೋಡಲು ಬಂದವರ ರೂಪದಲ್ಲಿ ಎದುರಾಗುತ್ತದೆ. ಊರಿನ ಯಾರ ಬೇನೆಗೂ ಕಾಕಾ ಮದ್ದು ಹೇಳದೆ ಬಿಟ್ಟಿಲ್ಲವಾದ್ದರಿಂದ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಸಲಹೆ ಹೊತ್ತು ತರುತ್ತಾರೆ. ಮೊದಲ ದಿನ ಮಂಜುಗಡ್ಡೆ, ಆಮೇಲೆ ಉಗುರುಬೆಚ್ಚಗಿನ ಉಪ್ಪುನೀರು ಎಂದು ವೈದ್ಯರು ಹೇಳಿದ್ದರೂ, ಒಬ್ಬ ಅರಿಶಿನ ಅರೆದು ಹಚ್ಚಲು, ಇನ್ನೊಬ್ಬ ಗುಳಿಗೆ ಮಿಶ್ರಿ ತುಂಬಲು ಒತ್ತಾಯಿಸುತ್ತಾನೆ. "ಅಕಲ್ ದಾಢ ಕಿತ್ತಸೀರಿ ಅಂದ್ರ ಇನ್ನ ಅಕಲ್ ಏನ್ ಉಳೀತರಿ ಕಾಕಾ?" ಎಂದು ಮೂರನೆಯವನು ಕೇಳುತ್ತಾನೆ. ಉತ್ತರ ಕಾಕಾನ ಗಂಟಲಿಗೆ ಬಂದು ಹೊಲಿಗೆಯ ಬಳಿ ತಡೆದು ನಿಲ್ಲುತ್ತದೆ. ಇಡೀ ಊರಿಗೆ ಹಂಚಿದ ಸಲಹೆಗಳು ಬಡ್ಡಿ ಸಮೇತ ಮರಳಿ ಬರುವಾಗ ಎದುರಾಡಲಾಗದೆ ಕೂರುವ ಈ ಸ್ಥಿತಿಗೆ ಶಸ್ತ್ರವೈದ್ಯ ಗ್ರಂಥಗಳಲ್ಲಿ ಹೆಸರಿಲ್ಲ, ಮಾತ್ರೆಯೂ ಇಲ್ಲ.

ಸುಮಾರು ಒಂದು ವಾರಕ್ಕೆ ಹೊಲಿಗೆ ಬಿಚ್ಚುತ್ತಾರೆ. ಮರುದಿನವೇ ಕಾಕಾ ಕಡ್ಡಿಪೆಟ್ಟಿಗೆಯಲ್ಲಿ ಹಲ್ಲನ್ನಿಟ್ಟುಕೊಂಡು ಕಟ್ಟೆಗೆ ಬರುತ್ತಾನೆ. ಎರಡು ಬೇರಿನ ಆ ಹಲ್ಲು ಕೈಯಿಂದ ಕೈಗೆ ಹೋಗುವಷ್ಟರಲ್ಲಿ, ಕೆನ್ನೆ ಹಿಡಿದು ಕೂತಿದ್ದ ಹುಡುಗನೊಬ್ಬ ಅವನ ಕಣ್ಣಿಗೆ ಬೀಳುತ್ತಾನೆ. "ತಮ್ಮಾ, ಉಗುಳಬ್ಯಾಡ, ಮಾತಾಡಬ್ಯಾಡ, ತಂಬಾಕ ಮುಟ್ಟಬ್ಯಾಡ" ಎಂದು ಆರಂಭವಾದ ಉಪದೇಶ ಮೂಳೆ, ಹೆಪ್ಪು, ಹೊಲಿಗೆಗಳನ್ನೆಲ್ಲ ದಾಟಿ ಸಾಗುತ್ತದೆ. ನಡುವೆ ಒಮ್ಮೆ ಮಾತ್ರ ಕಾಕಾನ ನಾಲಗೆ ತಾನಾಗಿ ಹಿಂದಕ್ಕೆ ಸರಿದು, ಖಾಲಿ ಗುಳಿಯನ್ನು ಮುಟ್ಟಿ ನೋಡಿ ಬರುತ್ತದೆ. ಆ ಅರೆಗಳಿಗೆಯ ಮೌನವನ್ನು ಕಟ್ಟೆಯವರು ಅನುಭವದ ತೂಕವೆಂದೇ ಬಗೆದು ತಲೆದೂಗುತ್ತಾರೆ.